ಒಬ್ಬನಿಗೆ ಕೇಳ್ತಿಲ್ಲ, ಇನ್ನೊಬ್ಬನಿಗೆ ಜಾಸ್ತಿ: ಒಂದು ಬೇಸ್ ಗಿಟಾರ್ ಪ್ರಕರಣ

ಗಣೇಶನ ಹಬ್ಬಕ್ಕೆ ಇನ್ನೂ ಆರು ವಾರ ಇತ್ತು. ಅಕ್ಕನ ಮಗ ಫೋನ್ ಮಾಡಿದ.

"ಮಾವ, 300 ವಾಟ್ಸ್ ಆಂಪ್ ತಗೋಬೇಕು. ಮೂವತ್ತೈದು ಸಾವಿರ ಕೂಡಿಟ್ಟಿದ್ದೀನಿ. ಯಾವುದು ತಗೊಳ್ಳಲಿ?"

"ಯಾಕೋ?"

"ಬೇಸ್ ಕೇಳಿಸ್ತಾನೇ ಇಲ್ಲ ಮಾವ. ನಾನು ಇದ್ದೀನೋ ಇಲ್ವೋ ಅಂತ ನನಗೇ ಗೊತ್ತಾಗಲ್ಲ."

ನಾನು ಹದಿನೆಂಟು ವರ್ಷ ಆರ್ಕೆಸ್ಟ್ರಾಗಳಲ್ಲಿ ಬೇಸ್, ಅಂದರೆ ಕೆಳಸ್ವರದ ಗಿಟಾರ್, ನುಡಿಸಿದವನು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ನಾನೂ ಒಂದು ಕಾಲದಲ್ಲಿ ಹೇಳಿದ್ದೆ. ಹೇಳಿ, ಸಾಲ ಮಾಡಿ ದೊಡ್ಡ ಆಂಪ್ (ಬೇಸ್‌ನ ಸದ್ದು ಜೋರು ಮಾಡುವ ಆಂಪ್ಲಿಫೈಯರ್) ತಂದು, ಆರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದ್ದೆ. ಅದಕ್ಕೇ ಅವನಿಗೆ, "ಏನೂ ತಗೋಬೇಡ, ಭಾನುವಾರ ಪ್ರಾಕ್ಟೀಸ್‌ಗೆ ನಾನೇ ಬರ್ತೀನಿ" ಅಂದೆ.

ಅವರ ತಂಡದಲ್ಲಿ ಆರು ಜನ. ಡ್ರಮ್ಸ್, ಗಿಟಾರ್, ಕೀಬೋರ್ಡ್, ನಮ್ಮ ಹುಡುಗನ ಬೇಸ್, ಇಬ್ಬರು ಗಾಯಕರು. ಹಳೇ ಸಿನಿಮಾ ಹಾಡು, ಒಂದಷ್ಟು ಭಾವಗೀತೆ, ಕೊನೆಗೆ ಕುಣಿಯೋಕೆ ನಾಲ್ಕು. ಪ್ರಾಕ್ಟೀಸ್ ನಡೆಯೋದು ಮೈಸೂರಿನ ಕುವೆಂಪುನಗರದ ಒಂದು ಮನೆಯ ಟೆರೇಸ್ ರೂಮಿನಲ್ಲಿ. ಪಕ್ಕದಲ್ಲೇ ನೀರಿನ ಟ್ಯಾಂಕು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಸೌಂಡ್ ಪ್ರೂಫ್ ಅಂತೆ. ಮೊಟ್ಟೆ ಟ್ರೇ ಸಿಂಬಲ್‌ನ ಚುರುಕನ್ನು ಸ್ವಲ್ಪ ಮಂಕು ಮಾಡುತ್ತದೆ, ಅಷ್ಟೇ. ಬೇಸ್‌ನ ಅಲೆಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹುಡುಗನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ನಾಲ್ಕು ತಂತಿಯ ಬೇಸ್, 10 ಇಂಚಿನ ಸ್ಪೀಕರ್ ಇರೋ 40 ವಾಟ್ಸ್‌ನ ಆಂಪ್, ಮತ್ತೆ ತುದಿ ಸಡಿಲವಾಗಿದ್ದ ಒಂದು ಕೇಬಲ್.

ಮೊದಲ ಹಾಡು ಮುಗಿಯಿತು. ಹುಡುಗ ನನ್ನ ಕಡೆ ತಿರುಗಿ, "ನೋಡಿದ್ರಾ ಮಾವ, ಏನೂ ಕೇಳಲ್ಲ" ಅಂದ. ಅದೇ ಹೊತ್ತಿಗೆ ಗೋಡೆಗೆ ಒರಗಿ ನಿಂತಿದ್ದ ಗಿಟಾರ್‌ನವನು, "ಲೋ, ಬೇಸ್ ಸ್ವಲ್ಪ ಕಮ್ಮಿ ಮಾಡೋ, ಎದೆ ನಡುಗ್ತಾ ಇದೆ" ಅಂದ.

ಒಂದೇ ಆಂಪ್, ಒಂದೇ ಹಾಡು. ಒಬ್ಬನಿಗೆ ಇಲ್ಲವೇ ಇಲ್ಲ, ಇನ್ನೊಬ್ಬನಿಗೆ ತಡೆಯೋಕಾಗ್ತಿಲ್ಲ. ವಾಟ್ಸ್ ಕಮ್ಮಿಯಾಗಿದ್ದರೆ ಇಬ್ಬರಿಗೂ ಕಮ್ಮಿಯೇ ಆಗಬೇಕಿತ್ತು, ಅಲ್ವಾ?

ಎಲ್ಲರನ್ನೂ ಟೀಗೆ ಕಳಿಸಿ, ಅಕ್ಕನ ಹೊಲಿಗೆ ಟೇಪ್‌ನಲ್ಲಿ ರೂಮು ಅಳೆದೆವು. ಅಗಲ 10 ಅಡಿ 3 ಇಂಚು, ಉದ್ದ 12 ಅಡಿ. ಎತ್ತರವೂ ಹೆಚ್ಚುಕಮ್ಮಿ ಹತ್ತಡಿ.

ಬೇಸ್‌ನ ಎ ತಂತಿಯನ್ನು ಬೆರಳೊತ್ತದೆ ಮೀಟಿದರೆ ಸೆಕೆಂಡಿಗೆ 55 ಸಲ ಅಲುಗುತ್ತದೆ, ಅಂದರೆ 55 ಹರ್ಟ್ಸ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಭಾಗಿಸಿದರೆ ಎ ಸ್ವರದ ಒಂದು ಅಲೆಯ ಉದ್ದ 6.27 ಮೀಟರ್. ಅದರ ಅರ್ಧ 3.13 ಮೀಟರ್. ಅಡಿಗೆ ತಂದರೆ 10 ಅಡಿ 3 ಇಂಚು. ಅಂದರೆ ಎ ಸ್ವರಕ್ಕೆ ಅಂತಲೇ ಅಳತೆ ಕೊಟ್ಟು ಕಟ್ಟಿಸಿದ ಹಾಗಿತ್ತು ರೂಮು. ಎದುರುಬದುರು ಗೋಡೆಗಳ ನಡುವೆ ಆ ಅಲೆ ಸರಿಯಾಗಿ ಕೂತುಬಿಡುತ್ತದೆ. ಎತ್ತರವೂ ಅಷ್ಟೇ ಇದ್ದದ್ದರಿಂದ ತಾರಸಿ ಮತ್ತು ನೆಲ ಕೂಡ ಅದೇ ಸ್ವರವನ್ನು ಎತ್ತಿ ಹಿಡಿಯುತ್ತವೆ. ಹೀಗೆ ಕೂತ ಅಲೆಯ ಗುಣ ಏನಂದರೆ, ಗೋಡೆ ಹತ್ತಿರ ಅದು ಭಾರಿ ಜೋರು, ಎರಡು ಗೋಡೆಗಳ ಸರೀ ಮಧ್ಯದಲ್ಲಿ ಹೆಚ್ಚುಕಮ್ಮಿ ಮಾಯ.

ಹುಡುಗ ನಿಲ್ಲುತ್ತಿದ್ದದ್ದು ಎಲ್ಲಿ? ಸರೀ ಮಧ್ಯದಲ್ಲಿ. ಗಿಟಾರ್‌ನವನು? ಗೋಡೆಗೆ ಬೆನ್ನು ಕೊಟ್ಟು. ಆಂಪ್? ಮೂಲೆಯಲ್ಲಿ, ನೆಲದ ಮೇಲೆ. ಮೂಲೆ ಅಂದರೆ ಮೂರು ಕಡೆಯ ಅಲೆಗಳನ್ನೂ ಒಟ್ಟಿಗೆ ಎಬ್ಬಿಸುವ ಜಾಗ.

ಹೇಳಿದರೆ ನಂಬಲಿಲ್ಲ. ಸರಿ, ನಾನು ಎ ತಂತಿ ಮೀಟುತ್ತಾ ಕೂತೆ, ಅವನನ್ನು ರೂಮಿನೊಳಗೆ ನಡೆಸಿದೆ. ಮಧ್ಯದಿಂದ ಗೋಡೆ ಕಡೆ ನಾಲ್ಕು ಹೆಜ್ಜೆ. ಮೂರನೇ ಹೆಜ್ಜೆಗೆ ಅವನ ಮುಖ ನೋಡಬೇಕಿತ್ತು! ವಾಪಸ್ ಮಧ್ಯಕ್ಕೆ ಬಂದ, ಮತ್ತೆ ಗೋಡೆಗೆ ಹೋದ. ಚಿಕ್ಕ ಮಕ್ಕಳ ಆಟದ ಹಾಗೆ ಐದಾರು ಸಲ ಮಾಡಿದ. ಆಮೇಲೆ ಇ ತಂತಿ ಮೀಟಿದೆ, 41 ಹರ್ಟ್ಸ್. ಆ ರೂಮಿನಲ್ಲಿ ಅದಕ್ಕೆ ಕೂರೋಕೆ ಜಾಗವೇ ಇಲ್ಲ, ಎಲ್ಲಿ ನಿಂತರೂ ತೆಳ್ಳಗೆ. ಹಾಗಾಗಿ ಇ ಕೇಳಲ್ಲ ಅಂತ ವಾಲ್ಯೂಮ್ ಏರಿಸುತ್ತಾನೆ, ಎ ಬಂದಾಗ ಕಿಟಕಿ ಗಾಜು ಅದುರುತ್ತದೆ.

ಇನ್ನು 300 ವಾಟ್ಸ್ ಲೆಕ್ಕ. ವಾಟ್ಸ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ "ಎರಡರಷ್ಟು ಜೋರು" ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವಾಟ್ಸ್ ಹತ್ತರಷ್ಟು. ಅದೇ ಸ್ಪೀಕರ್ ಇಟ್ಟುಕೊಂಡು 40ರಿಂದ 300ಕ್ಕೆ ಹೋದರೆ ಸಿಗೋದು 9 ಡೆಸಿಬೆಲ್‌ಗೂ ಒಂದು ಕೂದಲು ಕಮ್ಮಿ. ಕಮ್ಮಿಯೇನಲ್ಲ, ನಿಜ. ದೊಡ್ಡ ಆಂಪ್ ಬೇಕಾಗುವ ಜಾಗಗಳೂ ಇವೆ. ಕೆಳಸ್ವರಗಳಿಗೆ ನಮ್ಮ ಕಿವಿ ಮಂದ, ಆದ್ದರಿಂದ ಗಿಟಾರ್‌ನವನ 50 ವಾಟ್ಸ್ ಪಕ್ಕದಲ್ಲಿ ಬೇಸ್‌ಗೆ ಅದರ ಹಲವು ಪಟ್ಟು ಬೇಕು ಅನ್ನೋದೂ ಸರಿ. ಆದರೆ ಈ ರೂಮಿಗೆ ಅದನ್ನು ತಂದಿದ್ದರೆ ಎ ಸ್ವರ ಇನ್ನಷ್ಟು ಗುಡುಗುತ್ತಿತ್ತು, ಗಿಟಾರ್‌ನವನು ತಂಡ ಬಿಡುತ್ತಿದ್ದ, ನಮ್ಮ ಹುಡುಗ ಮಧ್ಯದಲ್ಲಿ ನಿಂತು "ಈಗಲೂ ಕೇಳಲ್ಲ" ಅನ್ನುತ್ತಿದ್ದ.

ಹೊರೋದು ಯಾರು ಅನ್ನೋದು ಇನ್ನೊಂದು ಮಾತು. ಅವನದು ಸ್ಕೂಟರ್. ರೂಮಿಗೆ ಎರಡು ಮಹಡಿ ಮೆಟ್ಟಿಲು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಬೇಸ್ ನುಡಿಸುವವರ ಕನಸಿನ ಆಂಪ್. 300 ವಾಟ್ಸ್, ವಾಲ್ವ್, ಎಂಟು 10 ಇಂಚಿನ ಸ್ಪೀಕರ್. ಅದರ ಹೆಡ್, ಅಂದರೆ ಸ್ಪೀಕರ್ ಬಿಟ್ಟು ಆಂಪ್‌ನ ಪೆಟ್ಟಿಗೆ, ಒಂದೇ 35 ಕೆಜಿ ಮೀರುತ್ತದೆ. ಈಗಿನ ಕ್ಲಾಸ್ ಡಿ ಹೆಡ್‌ಗಳು ಅಷ್ಟೇ ವಾಟ್ಸ್ ಕೊಟ್ಟು ಎರಡು ಮೂರು ಕೆಜಿಯಲ್ಲಿ ಮುಗಿಯುತ್ತವೆ, ಪುಣ್ಯ. ಆದರೆ ಸ್ಪೀಕರ್ ಕ್ಯಾಬಿನೆಟ್ ಅಂತೂ ಹೊರಲೇಬೇಕು.

ಅವತ್ತು ನಾವು ಮಾಡಿದ್ದು ಇಷ್ಟು. ಆಂಪನ್ನು ಮೂಲೆಯಿಂದ ಎಳೆದು ಉದ್ದದ ಗೋಡೆಯ ಬದಿಗೆ ತಂದೆವು. ನೆಲದಿಂದ ಎತ್ತಿ ಮರದ ಸ್ಟೂಲ್ ಮೇಲೆ ಇಟ್ಟು, ಹಿಂದಕ್ಕೆ ಸ್ವಲ್ಪ ವಾಲಿಸಿದೆವು. ಮೊದಲು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟಿದ್ದೆವು. ಆಂಪ್‌ಗಿಂತ ಕುರ್ಚಿಯೇ ಜಾಸ್ತಿ ಹಾಡಿತು. ನೆಲದ ಮೇಲಿದ್ದಾಗ ಆಂಪ್ ಅವನ ಮೊಣಕಾಲಿಗೆ ನುಡಿಯುತ್ತಿತ್ತು, ಈಗ ಕಿವಿಗೆ. ಅವನನ್ನು ಮಧ್ಯದಿಂದ ಸರಿಸಿ, ಡ್ರಮ್ಸ್‌ನ ಹೈ-ಹ್ಯಾಟ್ ಕಡೆ, ದೊಡ್ಡ ಡ್ರಮ್ ಬಡಿಯೋ ಕಿಕ್ ಪೆಡಲ್‌ನ ಕಾಲು ಕಾಣುವ ಹಾಗೆ ನಿಲ್ಲಿಸಿದೆ.

ಆಮೇಲೆ ನಾಬ್‌ಗಳು. ಅವನು ಬೇಸ್ (ಕೆಳಗಿನ ಸದ್ದು) ಮತ್ತು ಟ್ರೆಬಲ್ (ಮೇಲಿನದು) ಪೂರ್ತಿ ಏರಿಸಿ, ಮಿಡ್ (ನಡುವಿನದು) ಪೂರ್ತಿ ಇಳಿಸಿದ್ದ. ಅಂಗಡಿಯಲ್ಲಿ ಒಬ್ಬನೇ ನುಡಿಸಿದಾಗ ಈ ಸದ್ದು ಭಾರಿ ಚಂದ. ತಂಡದ ಜೊತೆ ನಿಂತ ತಕ್ಷಣ ಕೆಳಗಿನದನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್ ನುಂಗುತ್ತದೆ. ಉಳಿಯೋದು ಏನೂ ಇಲ್ಲ. "ಇದು ಇಂಥ ಸ್ವರ" ಅಂತ ಕಿವಿಗೆ ಗುರುತು ಸಿಗೋದು ಸುಮಾರು 250ರಿಂದ 800 ಹರ್ಟ್ಸ್ ನಡುವೆ. ಅದನ್ನೇ ಅವನು ಕಡಿದು ಹಾಕಿದ್ದ. ಮಿಡ್ ಏರಿಸಿ, ಬೇಸ್ ನಾಬ್ ಇಳಿಸಿದೆ. "ಮಾವ, ಬರೀ ಡಬ್ಬ ಬಡಿದ ಹಾಗಿದೆ" ಅಂದ. ಒಬ್ಬನೇ ನುಡಿಸಿದರೆ ಹಾಗೇ ಕೇಳೋದು. ಹಾಡು ಶುರು ಮಾಡಿ ಅಂದೆ. ಹಾಡಿನೊಳಗೆ ಆ ಡಬ್ಬ ಸರಿಯಾಗಿ ಬೇಸ್ ಆಗಿತ್ತು.

ಆದರೂ ಎರಡನೇ ಹಾಡಿನಲ್ಲಿ ಮತ್ತೆ ಮಸುಕು. ಈ ಸಲ ಕಾರಣ ಬೇರೆ. ಹೇಳೋಕೆ ಸ್ವಲ್ಪ ಮುಜುಗರ ಆಗುವಂಥದ್ದು. ಕೀಬೋರ್ಡ್‌ನವರ ಎಡಗೈ.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಬೇಸ್‌ನವರು ಇರೋದೇ ಅಪರೂಪ. ಎಷ್ಟೋ ಕಡೆ ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ತುಂಬುತ್ತಾರೆ. ಇವರೂ ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವರು, ಕೈ ತಾನಾಗೇ ಕೆಳಗೆ ಹೋಗುತ್ತದೆ. ಒಂದೇ ಸ್ವರವನ್ನು ಇಬ್ಬರು ಒಂದಿಷ್ಟು ಹಿಂದೆ ಮುಂದೆ ನುಡಿಸಿದರೆ ಯಾವುದೂ ಸ್ಪಷ್ಟ ಆಗಲ್ಲ. ಅವರನ್ನು ಪಕ್ಕಕ್ಕೆ ಕರೆದು, "ಅಣ್ಣ, ಇವನು ನುಡಿಸೋ ಹಾಡುಗಳಲ್ಲಿ ಎಡಗೈ ಸ್ವಲ್ಪ ಮೇಲೆ ಇಟ್ಕೊಳ್ತೀರಾ? ನಡುವಿನ ಸಿ-ಗಿಂತ ಕೆಳಗೆ ಇವನಿಗೆ ಬಿಟ್ಟುಬಿಡಿ" ಅಂದೆ. ಒಂದು ಗಳಿಗೆ ಸುಮ್ಮನಿದ್ದರು. "ಹುಡುಗ ತಪ್ಪಿದ್ರೆ ಹಾಡೇ ಬಿದ್ದೋಗುತ್ತಲ್ಲಪ್ಪ" ಅಂದರು. ಅವರ ಭಯವೂ ನ್ಯಾಯವಾದದ್ದೇ. ತಪ್ಪಿದರೆ ಹಿಡ್ಕೊಳ್ಳಿ, ಇಲ್ಲದಿದ್ದರೆ ಬಿಡಿ ಅಂತ ಒಪ್ಪಂದ ಆಯಿತು. ಈ ಇಡೀ ಪ್ರಕರಣದಲ್ಲಿ ದುಡ್ಡಿಲ್ಲದೆ ಸಿಕ್ಕ ಅತಿ ದೊಡ್ಡ ಲಾಭ ಇದೇ ಅಂತ ನನ್ನ ಲೆಕ್ಕ.

ಮೂರು ಭಾನುವಾರ ಹೀಗೇ ನಡೆಯಿತು. ಆಂಪ್ ಮಾತು ಅವನು ಎತ್ತಲಿಲ್ಲ. ಆದರೆ ಹಬ್ಬದ ಕಾರ್ಯಕ್ರಮ ಬಯಲಿನಲ್ಲಿ. ಅಲ್ಲಿ ಗೋಡೆಯೇ ಇಲ್ಲ, ಅಲ್ಲಿನ ತೊಂದರೆಗಳೇ ಬೇರೆ. ಬಯಲಲ್ಲಿ ಜನಕ್ಕೆ ಬೇಸ್ ಕೇಳಿಸೋದು ನಮ್ಮ ಆಂಪ್ ಅಲ್ಲ, ಸೌಂಡ್‌ನವರ ಸಬ್ ಬಾಕ್ಸ್‌ಗಳು, ಕೆಳಸ್ವರಕ್ಕೆ ಅಂತಲೇ ಇರೋ ದೊಡ್ಡ ಸ್ಪೀಕರ್‌ಗಳು. ಅದಕ್ಕೆ ದುಡ್ಡು ಹಾಕಬೇಕಾದದ್ದು ಬೇಸ್‌ನಿಂದ ಮಿಕ್ಸರ್‌ವರೆಗಿನ ದಾರಿಗೆ.

ಅವನ ಬೇಸ್ ಪ್ಯಾಸಿವ್, ಒಳಗೆ ಬ್ಯಾಟರಿ ಇಲ್ಲ. ಅಂಥ ಬೇಸ್‌ನ ಪಿಕಪ್‌ಗೆ (ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಸುರುಳಿ) ಮುಂದಿನ ಸಾಧನದ ಇನ್‌ಪುಟ್ 10 ಲಕ್ಷ ಓಮ್ ಆಸುಪಾಸು ಇದ್ದರೆ ಸುಖ. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಸಾವಿರ ಓಮ್ ಸುತ್ತಮುತ್ತ. ನೇರ ಚುಚ್ಚಿದರೆ ಸದ್ದಿನ ಅಂಚೆಲ್ಲ ಸವೆದು, ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಜೊತೆಗೆ ಗಿಟಾರ್ ಕೇಬಲ್ ಅಷ್ಟು ದೂರ ಎಳೆದರೆ ದಾರಿಯಲ್ಲಿ ಸಿಕ್ಕ ಗದ್ದಲವನ್ನೆಲ್ಲ ಹೆಕ್ಕಿಕೊಂಡು ಬರುತ್ತದೆ. ಇದಕ್ಕಿರೋ ಪೆಟ್ಟಿಗೆಗೆ ಡಿಐ ಅಂತಾರೆ. ಒಂದು ಕಡೆ ಬೇಸ್ ಚುಚ್ಚಿದರೆ, ಇನ್ನೊಂದು ಕಡೆ ಮೈಕ್ ಕೇಬಲ್‌ನಲ್ಲಿ ಹೋಗುವಂಥ, ದಾರಿಯ ಗದ್ದಲ ಅಳಿಸಿಕೊಳ್ಳುವ ಬ್ಯಾಲೆನ್ಸ್ಡ್ ಸಿಗ್ನಲ್ ಬರುತ್ತದೆ. ಹೊಸ ವಿಷಯವೇನಲ್ಲ. 60ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಹೀಗೇ ನೇರವಾಗಿ ಮಿಕ್ಸರ್‌ಗೆ ಹೋಗುತ್ತಿತ್ತು.

ನಾವು ತಗೊಂಡದ್ದು ಕಾಲಲ್ಲಿ ಒತ್ತುವ ಪ್ರೀಆಂಪ್ ಪೆಡಲ್, ಒಳಗೇ ಡಿಐ ಇರುವಂಥದ್ದು. ಅದರಲ್ಲಿ ಮಿಡ್ ನಾಬ್ ಬೇರೆಯಾಗಿ ಇದೆಯಾ, ಗ್ರೌಂಡ್ ಲಿಫ್ಟ್ ಸ್ವಿಚ್ (ಮಿಕ್ಸರ್‌ಗೆ ಹೋಗುವ ಸಿಗ್ನಲ್ ಕೇಬಲ್‌ನ ಅರ್ಥ್ ಜೋಡಣೆ ಬಿಡಿಸುವುದು) ಇದೆಯಾ, 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತಾ, ಈ ಮೂರನ್ನೇ ನೋಡಿದೆ. ಉಳಿದ ಇಪ್ಪತ್ತು ಎಫೆಕ್ಟ್‌ಗಳ ಕಡೆ ಅವನ ಕಣ್ಣಿತ್ತು, ನನ್ನದಿರಲಿಲ್ಲ. ಒಂದು ಟ್ಯೂನರ್ ಪೆಡಲ್ ಬಂತು. ಎರಡು ಒಳ್ಳೆ ಕೇಬಲ್, ಒಂದು ಬಳಸೋಕೆ, ಒಂದು ಬ್ಯಾಗಲ್ಲಿ ಇರೋಕೆ. ಒಂದು ಸೆಟ್ ತಂತಿ, 45ರಿಂದ 105ರ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ) ದಪ್ಪದ್ದು. ಎಲ್ಲ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ ಆಯಿತು. ತಂತಿ ಬದಲಿಸಿದ ದಿನ ಅವನು ಫೋನ್ ಮಾಡಿ, "ಬೇಸೇ ಬದಲಾಯ್ತು ಮಾವ" ಅಂದ. ಹಳೇ ಮಾಲೀಕನ ಕಾಲದ ತಂತಿ ಇಷ್ಟು ದಿನ ಅದರಲ್ಲೇ ಇತ್ತು.

ಕಾರ್ಯಕ್ರಮ ಮಂಡ್ಯದ ಹತ್ತಿರ ಒಂದು ಊರಲ್ಲಿ. ಪೆಂಡಾಲ್ ಎದುರು ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ಸ್ಟೇಜ್ ಮಾಡಿದ್ದರು. ಆ ಕಡೆ ಈ ಕಡೆ ಸಬ್‌ಗಳು, ಹಿಂದೆ ಜನರೇಟರ್, ಸ್ಟೇಜಿನ ಸುತ್ತ ಸೀರಿಯಲ್ ಸೆಟ್ ಮಿಣಮಿಣ. ಸಂಜೆ ಐದಕ್ಕೆ ಸೌಂಡ್ ಚೆಕ್.

ಬೇಸ್ ಚಾನೆಲ್ ಎತ್ತಿದ ಕೂಡಲೇ "ಹ್ಞೂಂ" ಅಂತ ಒಂದು ಗುಂಗು. ಮಜಾ ಏನಂದರೆ, ಹುಡುಗ ಇ ತಂತಿಯ ಮೂರನೇ ಫ್ರೆಟ್ ಒತ್ತಿ ಜಿ ನುಡಿಸಿದ, ಆ ಸ್ವರ ಗುಂಗಿನ ಜೊತೆ ಬೆರೆತುಹೋಯಿತು. ಜಿ ಅಂದರೆ 49 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್. "ಕರೆಂಟೇ ಜಿ ನುಡಿಸ್ತಿದೆ ಬಿಡು" ಅಂದರು ಸೌಂಡ್‌ನವರು. ಐವತ್ತು ದಾಟಿದ ವಯಸ್ಸು, ಅವಸರ ಇಲ್ಲದ ಮನುಷ್ಯ. "ಬೇಸ್ ಚಾನೆಲ್ ಬೇಡ, ಕಿಕ್ ಸಾಕು. ಜನಕ್ಕೆ ಗೊತ್ತಾಗಲ್ಲ" ಅಂತಲೂ ಅಂದರು. ಇಲ್ಲೇ ಎಷ್ಟೋ ಬೇಸ್‌ನವರ ಕಾರ್ಯಕ್ರಮ ಮುಗಿಯೋದು.

ಗುಂಗು ಎಲ್ಲಿಂದ ಅಂತ ಪತ್ತೆ ಮಾಡೋಕೆ ಒಂದು ಸುಲಭದ ದಾರಿ ಇದೆ. ಬೇಸ್‌ನ ವಾಲ್ಯೂಮ್ ಸೊನ್ನೆಗೆ ತಿರುಗಿಸೋದು. ಆಗಲೂ ಗುಂಗು ಇದ್ದರೆ ಅದು ಬೇಸ್‌ನದ್ದಲ್ಲ, ಮುಂದಿನ ವೈರಿಂಗ್‌ನದ್ದು. ನಿಂತರೆ ಪಿಕಪ್‌ನದ್ದು. ಸೊನ್ನೆಗೆ ತಿರುಗಿಸಿದ. ದಪ್ಪ "ಹ್ಞೂಂ" ಹಾಗೇ ಇತ್ತು, ಅದರ ಮೇಲಿನ ಸಣ್ಣ "ಜ್ಝ್" ಮಾತ್ರ ಹೋಯಿತು. ಅಂದರೆ ಒಂದಲ್ಲ, ಎರಡು ರೋಗ.

ದಪ್ಪದ್ದು ಗ್ರೌಂಡ್ ಲೂಪ್. ಪೆಡಲ್‌ನಿಂದ ಒಂದು ಕೇಬಲ್ ಮಿಕ್ಸರ್‌ಗೆ, ಇನ್ನೊಂದು ಸ್ಟೇಜಿನ ಮೇಲಿದ್ದ ಅವನ ಆಂಪ್‌ಗೆ. ಮಿಕ್ಸರ್‌ನ ಕರೆಂಟ್ ಒಂದು ಕಡೆಯಿಂದ, ಆಂಪ್‌ನದ್ದು ಲೈಟಿಂಗ್‌ನವರ ಬೋರ್ಡ್‌ನಿಂದ. ಎರಡು ಅರ್ಥ್ ದಾರಿ ಸೇರಿ ದೊಡ್ಡದೊಂದು ಬಳೆ ಆಗಿತ್ತು, ಅದರಲ್ಲಿ 50 ಹರ್ಟ್ಸ್ ಸುತ್ತುತ್ತಿತ್ತು. ಪೆಡಲ್‌ನ ಗ್ರೌಂಡ್ ಲಿಫ್ಟ್ ಒತ್ತಿದ ತಕ್ಷಣ ನಿಂತಿತು. ಆಂಪ್‌ನ ಪ್ಲಗ್ ಅನ್ನೂ ಮಿಕ್ಸರ್ ಇದ್ದ ಬೋರ್ಡ್‌ಗೇ ಬದಲಿಸಿದೆವು.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಅಷ್ಟರಲ್ಲಿ ಸ್ಟೇಜ್ ಹತ್ತಿದ್ದ ಒಬ್ಬ ಹುಡುಗ, "ಅಣ್ಣ, ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಸರಿಹೋಗುತ್ತೆ" ಅಂದ. ಗುಂಗು ಹೋಗುತ್ತದೆ, ನಿಜ. ಆದರೆ ಆ ಪಿನ್ನೇ ಅರ್ಥ್. ಆಮೇಲೆ ಆಂಪ್‌ನಲ್ಲಿ ಏನಾದರೂ ಕೆಟ್ಟರೆ ಆ ಕರೆಂಟ್ ಬರೋದು ಬೇಸ್‌ನ ತಂತಿಗೆ. ತಂತಿಗಳು ಬ್ರಿಡ್ಜ್ ಮೂಲಕ ಅರ್ಥ್‌ಗೇ ಸೇರಿರುತ್ತವೆ. ಕೈ ತಂತಿಯ ಮೇಲೆ, ತುಟಿ ಮೈಕ್ ಮೇಲೆ ಇದ್ದರೆ ಮುಗೀತು. ನಮ್ಮ ಹುಡುಗ ಕೋರಸ್ ಬೇರೆ ಹಾಡುತ್ತಾನೆ. ಸೌಂಡ್‌ನವರೇ ಆ ಹುಡುಗನಿಗೆ ಬೈದು ಇಳಿಸಿದರು. ತಂತಿಗೂ ಮೈಕ್ ಜಾಲರಿಗೂ ನಡುವೆ ಮೀಟರ್ ಇಟ್ಟು ನೋಡಿದ ಮೇಲೇ ಇವನನ್ನು ಮೈಕ್ ಮುಂದೆ ಬಿಟ್ಟರು. ಆ ಕ್ಷಣಕ್ಕೆ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಉಳಿದದ್ದು "ಜ್ಝ್". ಇದು ಪಿಕಪ್‌ನದ್ದು. ಅವನ ಬೇಸ್‌ನಲ್ಲಿ ಎರಡು ಪಿಕಪ್. ಮಧ್ಯದ್ದು ಪಿ ಮಾದರಿ, ಬ್ರಿಡ್ಜ್ ಹತ್ತಿರದ್ದು ಜೆ ಮಾದರಿ. ಫೆಂಡರ್‌ನವರ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. 1957ರಲ್ಲಿ ಅದರ ಪಿಕಪ್ ಅನ್ನು ಎರಡು ತುಂಡು ಮಾಡಿ, ಒಂದರ ಗುಂಗನ್ನು ಇನ್ನೊಂದು ಅಳಿಸುವ ಹಾಗೆ ಸುತ್ತಿದರು. ಜೆ ಅನ್ನೋದು 1960ರ ಜಾಝ್ ಬೇಸ್‌ನಿಂದ ಬಂದದ್ದು, ಒಂದೇ ಸುರುಳಿ. ಜಾಝ್ ಬೇಸ್‌ನಲ್ಲಿ ಎರಡು ಜೆ ಇದ್ದು, ಈಗಿನವುಗಳಲ್ಲಿ ಎರಡನ್ನೂ ಪೂರ್ತಿ ಏರಿಸಿದರೆ ಗುಂಗು ಅಳಿಯುತ್ತದೆ. ಇವನದರಲ್ಲಿ ಜೆ-ಗೆ ಜೋಡಿ ಇಲ್ಲ. ಸೀರಿಯಲ್ ಸೆಟ್‌ನ ಗದ್ದಲವನ್ನೆಲ್ಲ ಅದೊಂದೇ ಹೀರುತ್ತಿತ್ತು. ಬೇಸ್ ಹಿಡಿದು ನಿಧಾನ ತಿರುಗು ಅಂದೆ. ಲೈಟ್ ಕಡೆ ತಿರುಗಿದರೆ ಜಾಸ್ತಿ, ಪಕ್ಕಕ್ಕೆ ತಿರುಗಿದರೆ ಕಮ್ಮಿ. ಜೆ ವಾಲ್ಯೂಮ್ ಸೊನ್ನೆ ಮಾಡಿ, ಪಿ ಒಂದರಲ್ಲೇ ನುಡಿಸು ಅಂದೆ. ಪೂರ್ತಿ ನಿಶ್ಶಬ್ದ.

ಸೌಂಡ್‌ನವರು ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಏನೂ ಹೇಳದೆ ಬೇಸ್ ಚಾನೆಲ್‌ನ ಫೇಡರ್ ಮೇಲೆ ತಳ್ಳಿದರು. ಕಿಕ್ ಸಾಕು ಅನ್ನೋ ಮಾತು ಮತ್ತೆ ಬರಲಿಲ್ಲ.

ಸ್ಟೇಜ್ ಮೇಲೆ ಆ 40 ವಾಟ್ಸ್ ಆಂಪ್ ಬರೀ ಅವನಿಗೆ ಕೇಳಿಸೋಕೆ, ಅಷ್ಟೇ. ಸಬ್‌ನ ಕೆಳಸ್ವರ ಎಲ್ಲ ದಿಕ್ಕಿಗೂ ಹರಡುವುದರಿಂದ ಸ್ಟೇಜಿಗೂ ಬರುತ್ತದೆ, ಆದರೆ ಮಸುಕಾಗಿ, ಒಂಚೂರು ತಡವಾಗಿ. ಅದನ್ನು ಕೇಳಿಕೊಂಡು ನುಡಿಸಿದರೆ ಲಯ ಹಿಂದೆ ಬೀಳುತ್ತದೆ. ಅದಕ್ಕೆ ಆಂಪ್‌ನಲ್ಲಿ ಬೇಸ್ ನಾಬ್ ಪೂರ್ತಿ ಇಳಿಸಿ, ಮಿಡ್ ಮಾತ್ರ ಇಟ್ಟೆವು. ಆಗ ಬೆರಳು ತಂತಿಗೆ ತಾಗುವ ಸದ್ದು ಸ್ಪಷ್ಟ ಕೇಳುತ್ತಿತ್ತು. ಪೆಡಲ್‌ಗೆ ಅಡಾಪ್ಟರ್ ಬದಲು ಹೊಸ ಬ್ಯಾಟರಿ ಹಾಕಿದ್ದೆವು. ಸೋವಿ ಅಡಾಪ್ಟರ್ ಇನ್ನೊಂದು ಗುಂಗಿನ ತವರು.

ಎಲ್ಲವೂ ಸುಸೂತ್ರ ಅಂತೇನಲ್ಲ. ಐದನೇ ಹಾಡಿನಲ್ಲಿ ಹೊಸ ಕೇಬಲ್‌ನ ತುದಿಯನ್ನು ಅವನೇ ತುಳಿದು ಕಿತ್ತ. "ಠಪ್" ಅಂತ ಸಬ್‌ನಲ್ಲಿ ಸಿಡಿಲು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದೇ ಹೋದರು. ಕೇಬಲ್ ಅನ್ನು ಮೊದಲು ಸ್ಟ್ರ್ಯಾಪ್ ಒಳಗಿಂದ ಸುತ್ತಿ ಆಮೇಲೆ ಚುಚ್ಚು ಅಂತ ಹೇಳಿಕೊಡೋಕೆ ನಾನೇ ಮರೆತಿದ್ದೆ. ಕೀಬೋರ್ಡ್‌ನವರ ಎಡಗೈ ಆಗ ಕೆಳಗಿಳಿದು ಹಾಡನ್ನು ಹಿಡಿಯಿತು. ಇವನು ಮತ್ತೆ ಚುಚ್ಚಿಕೊಂಡ ಮೇಲೆ ಮೇಲೆ ಹೋಯಿತು. ಹತ್ತು ಗಂಟೆಗೆ ಲೌಡ್‌ಸ್ಪೀಕರ್ ನಿಲ್ಲಿಸಬೇಕು ಅಂತ ಪೊಲೀಸಿನವರು ಬಂದು ನಿಂತರು. ಕುಣಿಯೋ ಹಾಡು ನಾಲ್ಕರಲ್ಲಿ ಎರಡೇ ಆಯಿತು.

ಮಾರನೇ ದಿನ ಬೆಳಿಗ್ಗೆ ಮತ್ತೆ ಅವನ ಫೋನ್. ದನಿ ಸತ್ತುಹೋಗಿತ್ತು. "ಮಾವ, ವಿಡಿಯೊ ನೋಡಿದೆ. ಬೇಸೇ ಇಲ್ಲ."

"ಎಲ್ಲಿ ನೋಡಿದೆ?"

"ಮೊಬೈಲಲ್ಲಿ."

ಬೆರಳುಗುರಿನಷ್ಟು ಸ್ಪೀಕರ್ 41 ಹರ್ಟ್ಸ್ ಎಲ್ಲಿಂದ ತರುತ್ತದೆ? ಇಯರ್‌ಫೋನ್ ಹಾಕ್ಕೊಂಡು ಕೇಳು ಅಂತ ಇಟ್ಟೆ. ಹತ್ತು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಬರೀ ನಗುವ ಮುಖಗಳು ಬಂದವು.

ಉಳಿದ ಇಪ್ಪತ್ತು ಸಾವಿರ ಚಿಲ್ಲರೆ ಸುಮ್ಮನೆ ಕೂರಲಿಲ್ಲ, ಅವನ ತಲೆಯಲ್ಲಿ ಓಡಾಡುತ್ತಲೇ ಇತ್ತು. ಹೋದ ವಾರ ಐದು ತಂತಿಯ ಬೇಸ್‌ನ ಫೋಟೊ ಕಳಿಸಿದ. ಐದನೇ ತಂತಿ ಅಂದರೆ ಕೆಳಗಿನ ಬಿ, 31 ಹರ್ಟ್ಸ್. ನಾನು ಹಳೇ ಚಾಳಿಯಂತೆ, "ನಿಮ್ಮ ಯಾವ ಹಾಡಿಗೆ ಬೇಕೋ ಅದು?" ಅಂತ ಬರೆದೆ. ತಕ್ಷಣ ಉತ್ತರ ಬಂತು: "ಅಕ್ಕ ಮೂರು ಹಾಡಿನ ಪಿಚ್ ಡಿ-ಗೆ ಇಳಿಸಿದ್ದಾರೆ ಮಾವ. ಕೆಳಗಿನ ಡಿ ನನ್ನತ್ರ ಇಲ್ಲ." ಅಕ್ಕ ಅಂದರೆ ಅವರ ಗಾಯಕಿ.

ಮಾತು ಸರಿಯಾಗೇ ಇತ್ತು. ಇ ತಂತಿಯನ್ನೇ ಡಿ-ಗೆ ಇಳಿಸಿ ನೋಡು, ಟ್ಯೂನರ್ ಇದೆಯಲ್ಲ ಅಂತ ಬರೆಯೋಕೆ ಹೊರಟೆ. ಆಮೇಲೆ ಬಿಟ್ಟು, ಅದರ ತೂಕ ಎಷ್ಟು ಅಂತ ಕೇಳಿದೆ.